ಮೂರೂವರೆ ಅನ್ನೋ ಬೈಕು: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಹೋದ ತಿಂಗಳು ಒಬ್ಬರು ಈ ಅಂಕಣಕ್ಕೆ ಬರೆದು, ಹಳೇ ಕಾಲದ ಸಣ್ಣ ಎಂಜಿನ್ನಿನ ಬೈಕುಗಳಲ್ಲಿ ನಿಮಗೆ ತುಂಬಾ ಇಷ್ಟವಾದದ್ದು ಯಾವುದು ಅಂತ ಕೇಳಿದ್ದರು. ಇಟಲಿಯ ಮೋಟೋ ಮೊರಿನಿ ಮೂರೂವರೆ ಅಂತ ಒಂದೇ ಸಾಲು ಬರೆದು ಮುಂದಕ್ಕೆ ಹೋಗಿದ್ದೆ. ಆ ಒಂದು ಸಾಲಿಗೇ ಈ ಸಲ ಜಾಸ್ತಿ ಪತ್ರಗಳು ಬಂದಿವೆ. ಉಳಿದ ಪ್ರಶ್ನೆಗಳು ಮುಂದಿನ ತಿಂಗಳಿಗಿರಲಿ, ಈಗ ಇದೊಂದರ ಬಗ್ಗೆಯೇ ಮಾತಾಡೋಣ.

ಪ್ರಶ್ನೆ: ಮೂರೂವರೆ ಅನ್ನೋದು ಹೆಸರಾ, ಅಳತೆಯಾ? ಡುಕಾಟಿ ಗೊತ್ತು, ವೆಸ್ಪಾ ಗೊತ್ತು. ಈ ಮೊರಿನಿ ಯಾರು? (ಹಾಸನದಿಂದ ಒಬ್ಬ ಓದುಗರು)

ಎರಡೂ ಹೌದು. ಎಂಜಿನ್ 344 ಸಿಸಿ, ಅಂದರೆ ಹೆಚ್ಚುಕಮ್ಮಿ ಮೂರೂವರೆ ನೂರು. ಗಾಡಿಯ ಪಕ್ಕದ ಪ್ಯಾನಲ್ ಮೇಲೆ 3½ ಅಂತಲೇ ಬರೆಯುತ್ತಿದ್ದರು. ಇಟಲಿಯವರು ಅದನ್ನು 'ತ್ರೆ ಎ ಮೆಜ್ಜೊ' ಅಂತಾರೆ. ನಮ್ಮ ಬಾಯಲ್ಲಿ ಮೂರೂವರೆ. ಅವರ ಮಾತಿಗೂ ನಮ್ಮ ಮಾತಿಗೂ ಇಷ್ಟು ಸರಿಯಾಗಿ ಹೊಂದುವ ಬೈಕಿನ ಹೆಸರು ಇನ್ನೊಂದು ನನಗೆ ಸಿಕ್ಕಿಲ್ಲ.

ಮಾಡಿದ್ದು ಬೊಲೊನ್ಯಾದಲ್ಲಿ. ಡುಕಾಟಿಯ ಊರೂ ಅದೇ. ಅಲ್ಫೊನ್ಸೊ ಮೊರಿನಿ ಅಲ್ಲೇ 1898ರಲ್ಲಿ ಹುಟ್ಟಿದವರು. ಹದಿನಾರನೇ ವಯಸ್ಸಿಗೇ ಬೈಕ್ ರಿಪೇರಿಗೆ ಸ್ವಂತ ವರ್ಕ್‌ಶಾಪ್ ಇಟ್ಟರು. 1925ರ ಸುಮಾರಿಗೆ ಮಾರಿಯೊ ಮಜ್ಜೆಟ್ಟಿ ಅನ್ನುವವರ ಜೊತೆ ಸೇರಿ ಎಂಎಂ ಅನ್ನುವ ಬೈಕುಗಳನ್ನು ಮಾಡಿದರು, ರೇಸಿಗೂ ತಾವೇ ಇಳಿದರು. 1937ರಲ್ಲಿ ಆ ಜೊತೆ ಬಿಟ್ಟು ತಮ್ಮದೇ ಹೆಸರಿನ ಕಂಪನಿ ಶುರು ಮಾಡಿದರು. ಮೊದಲು ಮಾಡಿದ್ದು ಬೈಕಲ್ಲ, ಮೂರು ಚಕ್ರದ ಸಾಮಾನು ಸಾಗಿಸೋ ಗಾಡಿ. ಎರಡನೇ ಮಹಾಯುದ್ಧದಲ್ಲಿ ಫ್ಯಾಕ್ಟರಿ ಮೇಲೆ ಬಾಂಬ್ ಬಿತ್ತು. ಯುದ್ಧ ಮುಗಿದ ಮೇಲೆ 1946ರಲ್ಲಿ 125 ಸಿಸಿಯ ಟೂ ಸ್ಟ್ರೋಕ್ ಗಾಡಿಯಿಂದ ಮತ್ತೆ ಮೊದಲಿನಿಂದ ಆರಂಭ.

ಆಮೇಲೆ ಬಂದದ್ದು ಫೋರ್ ಸ್ಟ್ರೋಕ್ 175 ಸಿಸಿಯ ಗಾಡಿಗಳು. ಅವುಗಳ ಹೆಸರು ಕೇಳಿ: ಸೆತ್ತೆಬೆಲ್ಲೊ, ತ್ರೆಸೆತ್ತೆ. ಎರಡೂ ಇಸ್ಪೀಟಿನ ಮಾತು! ಸೆತ್ತೆಬೆಲ್ಲೊ ಅಂದರೆ ಇಟಲಿಯ ಸ್ಕೋಪಾ ಆಟದಲ್ಲಿ ಎಲ್ಲರೂ ಕಾಯುವ ಏಳರ ಎಲೆ. ತ್ರೆಸೆತ್ತೆ ಇನ್ನೊಂದು ಆಟದ ಹೆಸರು. ಸಂಜೆ ಹೊತ್ತು ಹೋಟೆಲಲ್ಲಿ ಎಲೆ ಹಾಕುತ್ತಾ ಕೂರುವ ಜನರಿಗೆ ಮಾಡಿದ ಗಾಡಿ ಅಂತ ಹೆಸರೇ ಹೇಳುತ್ತಿತ್ತು. ಜಕೊಮೊ ಅಗೊಸ್ತಿನಿ ಹೆಸರು ನೀವು ಕೇಳಿರಬಹುದು, 15 ಸಲ ವಿಶ್ವ ಚಾಂಪಿಯನ್ ಆದವರು. ಅವರು 1961ರಲ್ಲಿ ಮೊದಲ ರೇಸಿಗೆ, ತ್ರೆಂತೊದಿಂದ ಬೊಂದೊನೆ ಬೆಟ್ಟ ಹತ್ತುವ ಸ್ಪರ್ಧೆಗೆ, ತಂದದ್ದು ಇದೇ ಸೆತ್ತೆಬೆಲ್ಲೊ. ಎರಡನೇ ಸ್ಥಾನ ಬಂತು.

ಇನ್ನು 1963. ಅದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಆ ವರ್ಷ 250 ಸಿಸಿ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಒಂದು ಕಡೆ ಹೋಂಡಾ, ನಾಲ್ಕು ಸಿಲಿಂಡರ್, ಬೇಕಾದಷ್ಟು ದುಡ್ಡು. ಇನ್ನೊಂದು ಕಡೆ ಮೊರಿನಿ, ಒಂದೇ ಸಿಲಿಂಡರ್. ತರ್ಕ್ವಿನಿಯೊ ಪ್ರೊವಿನಿ ಅನ್ನುವ ರೈಡರ್ ಆ ಒಂದು ಸಿಲಿಂಡರಿನ ಗಾಡಿಯಲ್ಲಿ ನಾಲ್ಕು ಗ್ರಾಂ ಪ್ರೀ ಗೆದ್ದರು. ಕೊನೇ ರೇಸ್ ಜಪಾನಿನಲ್ಲಿ, ಹೋಂಡಾದ ಸ್ವಂತ ಸುಜುಕಾ ಟ್ರ್ಯಾಕಿನಲ್ಲಿ. ಅಲ್ಲಿ ಜಿಮ್ ರೆಡ್ಮನ್ ಹೋಂಡಾದಲ್ಲಿ ಗೆದ್ದರು, ಪ್ರೊವಿನಿ ನಾಲ್ಕನೆಯವರಾದರು. ಪಟ್ಟ ಕೈತಪ್ಪಿದ್ದು ಬರೀ ಎರಡು ಪಾಯಿಂಟಿನಲ್ಲಿ. ದುಡ್ಡಿಲ್ಲದಿದ್ದರೂ ತಲೆ ಓಡಿಸಿ ದೊಡ್ಡವರ ಪಕ್ಕ ನಿಲ್ಲಬಹುದು ಅನ್ನುವ ಹಟ ಆ ಕಂಪನಿಗೆ ಅಂದಿನಿಂದಲೂ ಇತ್ತು, ಹತ್ತು ವರ್ಷದ ಮೇಲೆ ಬಂದ ಮೂರೂವರೆಯಲ್ಲೂ ನನಗೆ ಕಾಣಿಸೋದು ಅದೇ ಹಟ.

ಅಲ್ಫೊನ್ಸೊ 1969ರಲ್ಲಿ ತೀರಿಕೊಂಡರು. ಕಂಪನಿ ಮಗಳು ಗಾಬ್ರಿಯೆಲ್ಲಾ ಮೊರಿನಿ ಕೈಗೆ ಬಂತು. ಆ ಕಾಲದಲ್ಲಿ ಬೈಕ್ ಫ್ಯಾಕ್ಟರಿ ನಡೆಸುವ ಹೆಂಗಸರು ಜಗತ್ತಿನಲ್ಲೇ ಅಪರೂಪ. ಅವರ ಕಾಲದಲ್ಲೇ, 1970ರಲ್ಲಿ, ಫೆರಾರಿಯಲ್ಲಿ ಕೆಲಸ ಮಾಡಿದ್ದ ಫ್ರಾಂಕೊ ಲಂಬರ್ತಿನಿ ಅನ್ನುವ ಯುವ ಡಿಸೈನರ್ ಮೊರಿನಿಗೆ ಬಂದರು. 1971ರ ಕೊನೆಗೆ ಮಿಲಾನ್ ಪ್ರದರ್ಶನದಲ್ಲಿ ಹೊಸ ಎಂಜಿನ್ ತೋರಿಸಿದರು, 1973ರಿಂದ ಬೈಕು ರಸ್ತೆಗೆ ಬಂತು.

ಪ್ರಶ್ನೆ: ನಾನು ಮೆಕ್ಯಾನಿಕಲ್ ವಿದ್ಯಾರ್ಥಿ. ಪುಶ್‌ರಾಡ್ ಎಂಜಿನ್ ಅಂತೀರಿ, 344 ಸಿಸಿ ಅಂತೀರಿ, ಆದರೂ 39 ಕುದುರೆ ಶಕ್ತಿ ಅಂತ ಎಲ್ಲೋ ಓದಿದೆ. 1973ರಲ್ಲಿ ಇದು ಹೇಗೆ ಸಾಧ್ಯ? (ಹುಬ್ಬಳ್ಳಿ)

ಒಳ್ಳೇ ಪ್ರಶ್ನೆ. ಇದಕ್ಕೆ ಸ್ವಲ್ಪ ಉದ್ದಕ್ಕೆ ಹೇಳ್ತೀನಿ.

ನೀವು ಓದಿದ್ದು ಸರಿ. ಸ್ಪೋರ್ಟ್ ಮಾಡೆಲ್ 8,500 ಆರ್‌ಪಿಎಂನಲ್ಲಿ 39 ಬಿಎಚ್‌ಪಿ, ಸಾಮಾನ್ಯ ಸ್ತ್ರಾದಾ ಮಾಡೆಲ್ ಸುಮಾರು 35. ಅದೇ ಕಾಲದ ಯಮಹಾ ಆರ್‌ಡಿ 350 ಕೂಡ 39ರ ಲೆಕ್ಕದ್ದೇ. ಆದರೆ ಅದು ಟೂ ಸ್ಟ್ರೋಕ್, ಕ್ರ್ಯಾಂಕ್ ಸುತ್ತಿದಷ್ಟು ಸಲವೂ ಅದಕ್ಕೆ ಪವರ್ ಸ್ಟ್ರೋಕ್ ಇದೆ. ಮೊರಿನಿ ಫೋರ್ ಸ್ಟ್ರೋಕ್. ಮೇಲೆ ಕ್ಯಾಮ್ ಇಲ್ಲ, ಅಂದರೆ ಗಾಳಿ ಹೊಗೆಯ ಬಾಗಿಲಾದ ವಾಲ್ವನ್ನು ತೆರೆಸುವ ಉಬ್ಬಿನ ದಂಡ ಮೇಲಿಲ್ಲ, ಚೈನೂ ಇಲ್ಲ, ಪುಶ್‌ರಾಡ್ ಅನ್ನುವ ಕಡ್ಡಿ ತಳ್ಳಿ ವಾಲ್ವ್ ತೆರೆಯುವ ಹಳೇ ಪದ್ಧತಿ.

ಮೊದಲು ಹೆಡ್, ಅಂದರೆ ಸಿಲಿಂಡರಿನ ಮೇಲಿನ ಮುಚ್ಚಳ ನೋಡಿ. ಸಾಮಾನ್ಯವಾಗಿ ಹೆಡ್ ಒಳಗೆ ಅರ್ಧ ಚೆಂಡಿನ ಹಾಗೆ ಗುಳಿ ಇರುತ್ತದೆ, ಬೆಂಕಿ ಹತ್ತೋದು ಅಲ್ಲಿ. ವಾಲ್ವುಗಳು ಎರಡು ಕಡೆಯಿಂದ ವಾಲಿಕೊಂಡು ಬರುತ್ತವೆ. ಲಂಬರ್ತಿನಿ ಇದನ್ನು ತಲೆಕೆಳಗು ಮಾಡಿದರು. ಹೆಡ್ಡಿನ ಕೆಳಭಾಗ ಚಪಾತಿ ಮಣೆ ಹಾಗೆ ಪೂರ್ತಿ ಚಪ್ಪಟೆ. ವಾಲ್ವು ಎರಡೂ ನೆಟ್ಟಗೆ, ಒಂದರ ಪಕ್ಕ ಒಂದು. ಗುಳಿ ಇರೋದು ಪಿಸ್ಟನ್ ತಲೆಯಲ್ಲಿ. ಇಡ್ಲಿ ತಟ್ಟೆಯ ಒಂದು ಗುಳಿ ನೆನಪು ಮಾಡಿಕೊಳ್ಳಿ, ಹೆಚ್ಚುಕಮ್ಮಿ ಹಾಗೇ. ಪಿಸ್ಟನ್ ಮೇಲಕ್ಕೆ ಬಂದಾಗ ಅದರ ಅಂಚು ಹೆಡ್ಡಿಗೆ ತಾಗುವಷ್ಟು ಹತ್ತಿರ ಬರುತ್ತದೆ, ಅಂಚಿನಲ್ಲಿದ್ದ ಪೆಟ್ರೋಲ್ ಗಾಳಿಯೆಲ್ಲ ಹಿಂಡಿಕೊಂಡು ರಭಸವಾಗಿ ನಡುವಿನ ಗುಳಿಗೆ ನುಗ್ಗುತ್ತದೆ, ಸುಳಿ ಹುಟ್ಟುತ್ತದೆ, ಪ್ಲಗ್ ಕಿಡಿ ಹಾರಿಸಿದ ತಕ್ಷಣ ಒಂದೇ ಏಟಿಗೆ ಪೂರ್ತಿ ಉರಿಯುತ್ತದೆ. ಬೇಗ ಉರಿದರೆ ನಾಕಿಂಗ್, ಅಂದರೆ ಪೆಟ್ರೋಲ್ ತಾನಾಗಿ ಸಿಡಿದು ಎಂಜಿನ್ ಕುಟ್ಟೋದು, ಕಮ್ಮಿ. ನಾಕಿಂಗ್ ಕಮ್ಮಿಯಾದರೆ ಕಂಪ್ರೆಷನ್, ಅಂದರೆ ಪೆಟ್ರೋಲ್ ಗಾಳಿಯನ್ನು ಹಿಂಡುವ ಪ್ರಮಾಣ, ಜಾಸ್ತಿ ಇಡಬಹುದು. ಸ್ತ್ರಾದಾದಲ್ಲಿ 10ಕ್ಕೆ 1, ಸ್ಪೋರ್ಟಿನಲ್ಲಿ 11ಕ್ಕೆ 1. ಆ ಕಾಲದ ಏರ್ ಕೂಲ್ಡ್ ಬೈಕಿಗೆ ಅದು ತುಂಬಾ ದೊಡ್ಡ ಲೆಕ್ಕ. ಶಕ್ತಿಯ ಜೊತೆ ಮೈಲೇಜೂ ಬಂತು.

ಈ ಪದ್ಧತಿಗೆ ಹೆರಾನ್ ಹೆಡ್ ಅಂತ ಹೆಸರು. ಸ್ಯಾಮ್ ಹೆರಾನ್ ಅನ್ನುವ ಬ್ರಿಟಿಷ್ ಮೂಲದ ಎಂಜಿನಿಯರ್ ನೆನಪಿಗೆ. ರೋವರ್ 2000 ಕಾರಿನಲ್ಲಿ ಇತ್ತು, ಜಾಗ್ವಾರಿನ ಮೊದಲ ವಿ12 ಎಂಜಿನ್ನಿನಲ್ಲೂ ಇತ್ತು. ಬೈಕಿನಲ್ಲಿ ಅಪರೂಪ.

ಈಗ ಅಸಲು ವಿಷಯಕ್ಕೆ ಬರೋಣ. ಚಪ್ಪಟೆ ಹೆಡ್ ಅಂದರೆ ಮಿಲ್ಲಿಂಗ್ ಮೆಷಿನ್ನಿನಲ್ಲಿ ನೇರವಾಗಿ ಒಮ್ಮೆ ಹೊಡೆದರೆ ಮುಗೀತು. ಒಳಗೆ ಗುಳಿ ಕೊರೆಯೋ ಕೆಲಸ ಇಲ್ಲ. ವಾಲ್ವ್ ಗೈಡುಗಳನ್ನು ಓರೆಯಾಗಿ ಕೊರೆಯಬೇಕಿಲ್ಲ, ನೆಟ್ಟಗೆ ಕೊರೆದರೆ ಸಾಕು. ಅಂದರೆ ಖರ್ಚು ಕಮ್ಮಿ! ಮೊರಿನಿ ಸಣ್ಣ ಕಂಪನಿ, ಅವರಿಗೆ ಹೋಂಡಾ ಹಾಗೆ ಮೇಲೆ ಕ್ಯಾಮ್ ಇಟ್ಟು ಚೈನ್ ಓಡಿಸಿ ಲಕ್ಷಗಟ್ಟಲೆ ಎಂಜಿನ್ ಮಾಡುವ ಶಕ್ತಿ ಇರಲಿಲ್ಲ. ಆದರೆ ಖರ್ಚು ಉಳಿಸೋಕೆ ಹೊರಟವರು ಕೆಲಸಕ್ಕೆ ಬಾರದ ಎಂಜಿನ್ ಮಾಡಲಿಲ್ಲ, ಖರ್ಚು ಉಳಿಸೋ ದಾರಿಯಲ್ಲೇ ಒಳ್ಳೇ ಎಂಜಿನ್ ಹುಡುಕಿಕೊಂಡರು. ನೀವು ವಿದ್ಯಾರ್ಥಿ ಅಂತ ಇದನ್ನು ಒತ್ತಿ ಹೇಳ್ತಿದ್ದೀನಿ. ಕ್ಲಾಸಿನಲ್ಲಿ ಡಿಸೈನ್ ಬೇರೆ ಪೇಪರು, ಪ್ರೊಡಕ್ಷನ್ ಬೇರೆ ಪೇಪರು, ಅಲ್ವಾ? ಈ ಎಂಜಿನ್ನಿನಲ್ಲಿ ಅವೆರಡನ್ನೂ ಬೇರೆ ಮಾಡೋಕೇ ಆಗೋದಿಲ್ಲ.

ಇನ್ನೂ ಇದೆ. ಎರಡು ಸಿಲಿಂಡರು ವಿ ಆಕಾರದಲ್ಲಿ ನಿಂತಿವೆ, ವಿ-ಟ್ವಿನ್ ಅನ್ನೋದು ಅದಕ್ಕೇ. ಎರಡಕ್ಕೂ ಸೇರಿ ಒಂದೇ ಕ್ಯಾಮ್‌ಶಾಫ್ಟ್. ಅದನ್ನು ವಿ ಆಕಾರದ ನಡುವೆ, ಕ್ರ್ಯಾಂಕಿನಿಂದ ಮೇಲೆ ಇಟ್ಟರು. ಅಷ್ಟು ಮೇಲಿದ್ದರೆ ಪುಶ್‌ರಾಡ್ ಗಿಡ್ಡ ಸಾಕು. ಗಿಡ್ಡ ಕಡ್ಡಿ ಹಗುರ, ಬಾಗುವುದೂ ಕಮ್ಮಿ, ಹಾಗಾಗಿ 8,500 ಆರ್‌ಪಿಎಂ ತಡೆಯುತ್ತದೆ. ಕ್ಯಾಮ್ ತಿರುಗಿಸೋಕೆ ಗೇರ್ ಸಾಲೂ ಇಲ್ಲ, ಚೈನೂ ಇಲ್ಲ, ಹಲ್ಲಿರುವ ರಬ್ಬರ್ ಬೆಲ್ಟ್. ಈಗ ಎಲ್ಲ ಕಾರಿನವರಿಗೂ ಗೊತ್ತಿರುವ ಟೈಮಿಂಗ್ ಬೆಲ್ಟ್ ಅದು. ಡುಕಾಟಿ ಎಂದರೆ ಬೆಲ್ಟ್ ಅನ್ನುವ ಮಾತಿದೆ, ಆದರೆ ಡುಕಾಟಿಯ ಪಂತಾ ಅನ್ನುವ ಬೈಕು ಬೆಲ್ಟ್ ಹಾಕಿಕೊಂಡು ಮಾರಾಟಕ್ಕೆ ಬಂದದ್ದು 1979ರಲ್ಲಿ. ಅದೇ ಊರಿನ ಸಣ್ಣ ಮನೆಯವರು ಅಷ್ಟರಲ್ಲಾಗಲೇ ಆರು ವರ್ಷದಿಂದ ಬೆಲ್ಟ್ ಹಾಕಿ ಮಾರುತ್ತಿದ್ದರು.

ಬೋರ್, ಅಂದರೆ ಸಿಲಿಂಡರಿನ ಅಗಲ, 62 ಮಿಮೀ. ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ, 57. ಲೆಕ್ಕ ನೀವೇ ಹಾಕಿ ನೋಡಿ, ಎರಡು ಸಿಲಿಂಡರಿಗೆ 344 ಬರುತ್ತದೆ. ಸ್ಟ್ರೋಕ್ ಬೋರಿಗಿಂತ ಚಿಕ್ಕದು, ಅದರಿಂದ ಪಿಸ್ಟನ್ ಓಟ ಕಮ್ಮಿ, ಎಂಜಿನ್ ಜೋರಾಗಿ ಸುತ್ತಬಹುದು. ಇಗ್ನಿಷನ್ ಶುರುವಿನಿಂದಲೇ ಎಲೆಕ್ಟ್ರಾನಿಕ್, ಡುಕಾಟಿ ಎಲೆತ್ರೊತೆಕ್ನಿಕಾದ್ದು. ಅದು ಡುಕಾಟಿ ಬೈಕಿನಿಂದ ಬೇರೆಯಾಗಿದ್ದ ಎಲೆಕ್ಟ್ರಿಕ್ ಸಾಮಾನಿನ ಕಂಪನಿ. ಗೇರ್ ಆರು. 1973ರಲ್ಲಿ 350 ಸಿಸಿ ಫೋರ್ ಸ್ಟ್ರೋಕಿಗೆ ಆರು ಗೇರ್, ಕಿಡಿಗಾಗಿ ತೆರೆದು ಮುಚ್ಚಿ ಸವೆಯುವ ಪಾಯಿಂಟ್ ಇಲ್ಲದ ಇಗ್ನಿಷನ್! ಉಳಿಸಿದ ದುಡ್ಡು ಎಲ್ಲಿಗೆ ಹೋಯಿತು ಅಂತ ಕೇಳಿದರೆ ಇಲ್ಲಿಗೆ ಅಂತ ನಾನು ಹೇಳ್ತೀನಿ.

ಪ್ರಶ್ನೆ: ಡುಕಾಟಿ ವಿ-ಟ್ವಿನ್ 90 ಡಿಗ್ರಿ. ಮೊರಿನಿ ಮಾತ್ರ 72 ಯಾಕೆ? ಅದರಲ್ಲೇನಾದರೂ ಗುಟ್ಟಿದೆಯಾ? (ಉಡುಪಿ)

ಗುಟ್ಟೇನಿಲ್ಲ, ಜಾಗದ ವಿಷಯ. ಎರಡು ಸಿಲಿಂಡರಿನ ನಡುವಿನ ಕೋನ 90 ಡಿಗ್ರಿ ಇಟ್ಟರೆ ಕಂಪನ ಚೆನ್ನಾಗಿ ತಗ್ಗುತ್ತದೆ, ನಿಜ. ಆದರೆ ಮುಂದಿನ ಸಿಲಿಂಡರ್ ಮುಂದಕ್ಕೆ ಮಲಗುತ್ತದೆ, ಎಂಜಿನ್ ಉದ್ದ ಆಗುತ್ತದೆ, ಎರಡು ಚಕ್ರದ ನಡುವಿನ ದೂರವೂ ಅದರ ಜೊತೆ ಬೆಳೆಯುತ್ತದೆ. ಹಾರ್ಲಿ ಹಾಗೆ 45 ಇಟ್ಟರೆ ಗಿಡ್ಡ ಆಗುತ್ತದೆ, ಆದರೆ ನಡುಗುತ್ತದೆ, ಮಧ್ಯೆ ಕ್ಯಾಮ್ ಇಡೋಕೂ ಜಾಗ ಸಾಲದು. 72 ಇವೆರಡರ ನಡುವಿನ ರಾಜಿ. ಹಿಂದಿನ ಸಿಲಿಂಡರಿಗೆ ಗಾಳಿ ಸಿಗಲಿ ಅಂತ ಅದನ್ನು ಮುಂದಿನದರ ನೇರಕ್ಕೆ ಇಡದೆ ಸ್ವಲ್ಪ ಪಕ್ಕಕ್ಕೆ ಸರಿಸಿದ್ದಾರೆ. ಮೇಲಿನಿಂದ ನೋಡಿದರೆ ಚೆನ್ನಾಗಿ ಗೊತ್ತಾಗುತ್ತದೆ.

ಪ್ರಶ್ನೆ: ನಾನು 1970ರ ದಶಕದಿಂದ ಯೆಜ್ಡಿ ಓಡಿಸಿದವನು, ಇಲ್ಲೇ ಯಾದವಗಿರಿ ಫ್ಯಾಕ್ಟರಿಯ ಗಾಡಿ. ನಮಗೆ ಅರ್ಥ ಆಗುವ ಹಾಗೆ ಹೇಳಿ, ಅದನ್ನು ಓಡಿಸೋದು ಹೇಗಿರುತ್ತದೆ? (ಮೈಸೂರು)

ಸರ್, ನಿಮಗೆ ಹೇಳೋದು ಸುಲಭ. ಯೆಜ್ಡಿಯಲ್ಲಿ ಕಿಕ್ ಎಡಗಡೆ, ಅದೇ ಲಿವರ್ ಮುಂದಕ್ಕೆ ತಿರುಗಿಸಿದರೆ ಗೇರ್. ಮೂರೂವರೆಯಲ್ಲೂ ಕಿಕ್ ಎಡಗಡೆಯೇ. ಆದರೆ ಗೇರ್ ಮೊದಲ ವರ್ಷಗಳಲ್ಲಿ ಬಲಗಡೆ, ಬುಲೆಟ್ ಹಾಗೆ. ಬ್ರೇಕ್ ಎಡಗಾಲಿಗೆ. ಅಂದರೆ ನಿಮ್ಮ ಎಡಗಾಲು ಯೆಜ್ಡಿಯದು, ಬಲಗಾಲು ಬುಲೆಟ್‌ನದು ಅಂತ ಇಟ್ಟುಕೊಳ್ಳಿ. ಆಮೇಲಿನ ಮಾಡೆಲ್‌ಗಳಲ್ಲಿ ಒಂದು ಕಡ್ಡಿ ಜೋಡಿಸಿ ಗೇರನ್ನು ಎಡಗಡೆಗೆ ತಂದರು.

ಶಕ್ತಿಯ ಲೆಕ್ಕ ಹೇಳೋದಾದರೆ ನಿಮ್ಮ 250 ಯೆಜ್ಡಿ ಸುಮಾರು 13 ಬಿಎಚ್‌ಪಿ, ರೋಡ್‌ಕಿಂಗ್ 16, ಬುಲೆಟ್ 350 ಸುಮಾರು 18. ಮೂರೂವರೆ ಬುಲೆಟ್‌ಗೆ ಎರಡರಷ್ಟು. ಸಿಸಿ ಮಾತ್ರ ಬುಲೆಟ್‌ನಷ್ಟೇ! ತೂಕ 150 ಕೆಜಿಯ ಆಸುಪಾಸು, ಬುಲೆಟ್‌ಗಿಂತ ಹಗುರ. ವೇಗ ಗಂಟೆಗೆ 150 ಕಿಮೀ ದಾಟುತ್ತಿತ್ತು.

ಇದು ಎಳೆದುಕೊಂಡು ಹೋಗುವ ಗಾಡಿ ಅಲ್ಲ ಸರ್. ಯೆಜ್ಡಿಯನ್ನು ಟಾಪ್ ಗೇರಿನಲ್ಲಿ ಬಿಟ್ಟು ಚಾಮುಂಡಿ ಬೆಟ್ಟ ಹತ್ತುವ ಹಾಗೆ ಇದನ್ನು ಬಿಡೋಕಾಗಲ್ಲ. ಆರು ಗೇರ್ ಕೊಟ್ಟಿದ್ದಾರೆ, ಹಾಕುತ್ತಾ ಇಳಿಸುತ್ತಾ ಎಂಜಿನ್ನನ್ನು ಸುತ್ತಿಸಿಕೊಂಡೇ ಇರಬೇಕು. ಬೊಲೊನ್ಯಾದ ದಕ್ಷಿಣಕ್ಕೆ ಅಪೆನ್ನೈನ್ ಬೆಟ್ಟಗಳು ಶುರುವಾಗುತ್ತವೆ, ತಿರುವಿನ ಮೇಲೆ ತಿರುವಿನ ರಸ್ತೆಗಳು. ಅಂಥ ಕಡೆ ಹಗುರವಾದ, ಕಿರಿದಾದ, ಬಾಗಿಸಿದ ಕಡೆ ಬಾಗುವ ಗಾಡಿ ಮುಂದೆ ದೊಡ್ಡ 750ಗಳು ಹಿಂದೆ ಬಿದ್ದರೆ ಆಶ್ಚರ್ಯವೇನಿಲ್ಲ. ಮುಂದಿನ ಫೋರ್ಕ್ ಮಾರ್ಜೋಕಿ, ಅದೂ ಬೊಲೊನ್ಯಾದ್ದೇ. ಕಾರ್ಬೊರೇಟರ್ ದೆಲ್ಲೊರ್ತೊ, ಬ್ರೇಕ್ ಗ್ರಿಮೆಕಾ. ಮೊದಲು ಮುಂದೆ ದೊಡ್ಡ ಡ್ರಮ್ ಇತ್ತು, ನೋಡೋಕೆ ಭಾಳ ಚೆಂದ, ಆಮೇಲೆ ಡಿಸ್ಕ್ ಬಂತು. ಮೈಮೇಲೆ ಫೇರಿಂಗ್ ಇಲ್ಲ, ಹೊದಿಕೆ ಇಲ್ಲ, ಎಂಜಿನ್ ಪೂರ್ತಿ ಕಣ್ಣೆದುರಿಗೆ. ಅಷ್ಟು ಅಚ್ಚುಕಟ್ಟಾದ ಎಂಜಿನ್ನನ್ನು ಮುಚ್ಚಿಟ್ಟಿದ್ದರೆ ನನಗಂತೂ ಬೇಜಾರಾಗುತ್ತಿತ್ತು.

ಇನ್ನೊಂದು. ಪಾಯಿಂಟ್ ಉಜ್ಜೋಕೆ ಮರಳು ಕಾಗದ ಜೇಬಲ್ಲಿಟ್ಟುಕೊಂಡು ಓಡಾಡಿದವರು ನೀವು. ಮೂರೂವರೆಯವರಿಗೆ ಆ ಕಾಗದದ ಕೆಲಸವೇ ಇರಲಿಲ್ಲ.

ಪ್ರಶ್ನೆ: ಅಷ್ಟು ಬುದ್ಧಿವಂತರು 500 ಸಿಸಿ ಮಾಡಬಹುದಿತ್ತಲ್ಲ, 350ಕ್ಕೇ ಯಾಕೆ ನಿಂತರು? (ಬಳ್ಳಾರಿ)

ನಿಲ್ಲಲಿಲ್ಲ, 500ನ್ನೂ ಮಾಡಿದರು. ಆದರೆ ಹೆಸರು ಮಾಡಿದ್ದು 350. ಅದಕ್ಕೆ ಇಟಲಿಯ ಕಾನೂನೂ ಒಂದು ಕಾರಣ. 1970ರ ದಶಕದ ನಡುವಿನಿಂದ ಅಲ್ಲಿ 350 ಸಿಸಿ ದಾಟಿದ ಬೈಕಿಗೆ ತೆರಿಗೆ ಜಾಸ್ತಿ ಆಯಿತು, 21 ವರ್ಷ ತುಂಬದ ಹುಡುಗರು 350 ದಾಟಿದ್ದನ್ನು ಓಡಿಸುವ ಹಾಗಿರಲಿಲ್ಲ. ಸಾಲದ್ದಕ್ಕೆ ಜಪಾನಿನಿಂದ 380 ಸಿಸಿಗಿಂತ ಸಣ್ಣ ಬೈಕು ತರಿಸೋಕೂ ಅಡ್ಡಿ ಇತ್ತು, ಊರಿನ ಕಂಪನಿಗಳು ಉಳಿಯಲಿ ಅಂತ. ಹಾಗಾಗಿ ಹತ್ತೊಂಬತ್ತರ ಹುಡುಗನಿಗೆ ವೇಗದ ಗಾಡಿ ಬೇಕು ಅಂದರೆ ಅಂಗಡಿಯಲ್ಲಿ ಮುಂದೆ ನಿಂತಿದ್ದು ಮೂರೂವರೆ. ಇಟಲಿಯಲ್ಲಿ ಈಗ ಅರವತ್ತು ದಾಟಿದ ಎಷ್ಟೋ ಜನ ಇದರ ಹೆಸರು ಹೇಳಿದರೆ ಮುಖ ಅರಳಿಸೋದು ಅದಕ್ಕೇ, ಅದು ಅವರ ಪ್ರಾಯದ ಗಾಡಿ. ಆದರೆ ಬರೀ ಕಾನೂನಿನ ಕೃಪೆಯಿಂದ ಬದುಕಿದ ಗಾಡಿ ಅಂತ ಯಾರಾದರೂ ಅಂದರೆ ನಾನು ಒಪ್ಪಲ್ಲ. ಎಂಜಿನ್ ಆ ತೆರಿಗೆ ಬರುವುದಕ್ಕಿಂತ ಮೊದಲೇ ಕಾಗದದ ಮೇಲೆ ತಯಾರಾಗಿತ್ತು. ಇಂಗ್ಲೆಂಡಿನಲ್ಲಿ, ಜರ್ಮನಿಯಲ್ಲಿ ಆ ರಕ್ಷಣೆ ಇರಲಿಲ್ಲ, ಅಲ್ಲೂ ಜನ ಕೊಂಡರು.

ಲಂಬರ್ತಿನಿ ಇದನ್ನು ಒಂದು ಬೈಕಿನ ಎಂಜಿನ್ ಅಂತ ಯೋಚಿಸಿರಲಿಲ್ಲ, ಒಂದು ಕುಟುಂಬ ಅಂತ ಯೋಚಿಸಿದ್ದರು. ಮೂರೂವರೆಯನ್ನು ಹಿಗ್ಗಿಸಿದರೆ ಸುಮಾರು 479 ಸಿಸಿಯ 500. ಅದರ ಒಂದು ಸಿಲಿಂಡರ್ ತೆಗೆದುಬಿಟ್ಟರೆ 239 ಸಿಸಿ, ಅದು 250ರ ಸಿಂಗಲ್. ಸಣ್ಣ ಸಿಂಗಲ್ ಮಾಡಿ 125, ಅಂಥವೆರಡು ಜೋಡಿಸಿ ಮತ್ತೆ ವಿ-ಟ್ವಿನ್ 250. ಎಲ್ಲಕ್ಕೂ ಅದೇ ಚಪ್ಪಟೆ ಹೆಡ್ಡು, ಅದೇ ಇಡ್ಲಿ ತಟ್ಟೆ ಪಿಸ್ಟನ್. ಮನೆಯಲ್ಲಿ ದೋಸೆ ಹಿಟ್ಟೊಂದಿದ್ದರೆ ಬೆಳಿಗ್ಗೆ ದೋಸೆ, ಸಂಜೆ ಪಡ್ಡು, ಉಳಿದರೆ ಉತ್ತಪ್ಪ ಮಾಡಿದ ಹಾಗೆ. ಮಣ್ಣಿನ ದಾರಿಗೆ 500ರ ಕ್ಯಾಮೆಲ್, 350ರ ಕಾಂಗುರೊ ಅನ್ನುವ ಬೈಕುಗಳೂ ಇದರಿಂದಲೇ ಹುಟ್ಟಿದವು. 1981ರಲ್ಲಿ 500ಕ್ಕೆ ಟರ್ಬೊ ಕೂಡ ಹಾಕಿ ಪ್ರದರ್ಶನದಲ್ಲಿ ಇಟ್ಟರು, ಅದು ಮಾರಾಟಕ್ಕೆ ಬರಲಿಲ್ಲ.

ಪ್ರಶ್ನೆ: ಇಷ್ಟೆಲ್ಲ ಇದ್ದೂ ಯಾಕೆ ಉಳಿಯಲಿಲ್ಲ? ಈಗ ನಮ್ಮಲ್ಲೂ ಮೋಟೋ ಮೊರಿನಿ ಅಂತ ಬೈಕು ಮಾರ್ತಾರೆ, ಅದೂ ಇವರದ್ದೇನಾ? (ಬೆಂಗಳೂರಿನಿಂದ ಇಬ್ಬರು, ಬೇರೆ ಬೇರೆ ಪತ್ರದಲ್ಲಿ)

ಬೆಲೆ. ಮೊದಲ ಕಾರಣ ಅದೇ. ಎಂಜಿನ್ ಅಗ್ಗಕ್ಕೆ ಮಾಡೋಕೆ ಎಷ್ಟೇ ತಲೆ ಓಡಿಸಿದರೂ ಕೆಲವೇ ಸಾವಿರ ಬೈಕು ಮಾಡುವವರು ಲಕ್ಷಗಟ್ಟಲೆ ಮಾಡುವವರ ಬೆಲೆಗೆ ಇಳಿಯೋಕೆ ಆಗೋದಿಲ್ಲ. ಹೊರದೇಶಗಳಲ್ಲಿ ಮೂರೂವರೆ ದುಬಾರಿ ಗಾಡಿ ಅನ್ನಿಸಿಕೊಂಡಿತು, ಅಷ್ಟೇ ದುಡ್ಡಿಗೆ ಜಪಾನಿನ ದೊಡ್ಡ ಗಾಡಿ ಸಿಗುತ್ತಿತ್ತು. ಅದರಲ್ಲಿ ಬಟನ್ ಒತ್ತಿದರೆ ಸ್ಟಾರ್ಟ್ ಆಗುತ್ತಿತ್ತು. ಮೊರಿನಿಯವರು ಸೆಲ್ಫ್ ಸ್ಟಾರ್ಟರ್ ಸೇರಿಸಿದ್ದು ಆಮೇಲೆ, ಅದಕ್ಕೂ ಕಸು ಸಾಲದು. ಅದು ಅವರ ಕೈಯಲ್ಲಿ ನಿಜಕ್ಕೂ ಸೋತ ಜಾಗ ಅಂತ ನನ್ನ ಅಭಿಪ್ರಾಯ. ಹೊಸ ಎಂಜಿನ್ನಿಗೆ ಬಂಡವಾಳ ಇರಲಿಲ್ಲ, ಹಳೇದನ್ನೇ ಹೊಸ ಹೊಸ ಅಂಗಿ ತೊಡಿಸಿ ಮಾರುತ್ತಾ ಹೋದರು.

1987ರಲ್ಲಿ ಗಾಬ್ರಿಯೆಲ್ಲಾ ಕಂಪನಿಯನ್ನು ಕಾಜಿವಾ ಅನ್ನುವ ಇನ್ನೊಂದು ಇಟಲಿಯ ಬೈಕ್ ಕಂಪನಿಗೆ ಮಾರಿದರು. ಕಾಜಿವಾದ ಕಾಸ್ತಿಲ್ಯೋನಿ ಸಹೋದರರು ಅಷ್ಟರಲ್ಲಿ ಡುಕಾಟಿಯನ್ನೂ ಕೊಂಡಿದ್ದರು. ಎರಡು ಹೆಂಡಿರ ಮನೆಯಲ್ಲಿ ಯಾರ ಮಾತು ನಡೆಯಬೇಕು ಅನ್ನೋದು ಬೇಗ ಗೊತ್ತಾಯಿತು. ಮೂರೂವರೆ ಎಂಜಿನ್ನನ್ನು ಎಕ್ಸ್‌ಕ್ಯಾಲಿಬರ್ ಅನ್ನುವ ಅಮೆರಿಕನ್ ಶೈಲಿಯ ಗಾಡಿಗೂ, ಡಾರ್ಟ್ ಅನ್ನುವ ಪೂರ್ತಿ ಮೈಮುಚ್ಚಿದ ಬೈಕಿಗೂ ಹಾಕಿದರು. ಡಾರ್ಟ್ ಕೆಟ್ಟ ಬೈಕಲ್ಲ, ಆದರೆ ಆ ಎಂಜಿನ್ನನ್ನು ಪ್ಲಾಸ್ಟಿಕ್ ಒಳಗೆ ಬಚ್ಚಿಟ್ಟದ್ದು ನೋಡಿದರೆ ನನಗೆ ಈಗಲೂ ಸಂಕಟ ಆಗುತ್ತದೆ. 1990ರ ದಶಕದ ಆರಂಭಕ್ಕೆ ಎಲ್ಲ ಮುಗಿಯಿತು.

ಆಮೇಲೆ ಹೆಸರು ಕೈಯಿಂದ ಕೈಗೆ ಹೋಯಿತು. 1999ರಲ್ಲಿ ಮತ್ತೆ ಮೊರಿನಿ ಮನೆತನಕ್ಕೇ ಬಂತು. 2005ರಲ್ಲಿ 1187 ಸಿಸಿಯ ಹೊಸ ವಿ-ಟ್ವಿನ್ ಹೊರಬಂತು, ಅದನ್ನು ಡಿಸೈನ್ ಮಾಡಿದ್ದು ಯಾರು ಗೊತ್ತಾ? ಅದೇ ಫ್ರಾಂಕೊ ಲಂಬರ್ತಿನಿ. ಮೂವತ್ತು ವರ್ಷ ದಾಟಿದ ಮೇಲೆ ಅದೇ ಮನೆಗೆ ಇನ್ನೊಂದು ಎಂಜಿನ್! ಅದರಿಂದ ಬಂದ ಒಂದು ಬೈಕಿಗೆ ಒಂಬತ್ತೂವರೆ ಅಂತ ಹೆಸರಿಟ್ಟರು. 2010ರಲ್ಲಿ ಆ ಕಂಪನಿಯೂ ದಿವಾಳಿಯಾಯಿತು, ಹೊಸ ಮಾಲೀಕರು ಬಂದರು, 2018ರಲ್ಲಿ ಚೀನಾದ ಝೊಂಗ್‌ನೆಂಗ್ ಕೊಂಡಿತು. ನೀವು ಬೆಂಗಳೂರಲ್ಲಿ ಕೇಳಿರೋದು ಇವರದ್ದು. 2022ರಲ್ಲಿ ಆದೀಶ್ವರ್ ಆಟೋ ರೈಡ್ ಮೂಲಕ ಭಾರತಕ್ಕೆ ಬಂತು, ಎಕ್ಸ್-ಕೇಪ್ ಮತ್ತು ಸೆಯೆಮ್ಮೆಜ್ಜೊ. ಸೆಯೆಮ್ಮೆಜ್ಜೊ ಅಂದರೆ ಆರೂವರೆ, ಸುಮಾರು 650 ಸಿಸಿ ಅನ್ನೋ ಲೆಕ್ಕ. ಹೆಸರಿನ ಸಂಬಂಧ ಅಷ್ಟೇ. ಎಂಜಿನ್ ಪಕ್ಕಪಕ್ಕ ನಿಂತ ಎರಡು ಸಿಲಿಂಡರಿನದು, ವಿ ಅಲ್ಲ, ಹೆರಾನ್ ಹೆಡ್ಡೂ ಅಲ್ಲ. ಚೆನ್ನಾಗಿದ್ದರೆ ಕೊಳ್ಳಿ, ಆದರೆ ಅದು ಮೂರೂವರೆಯ ಮೊಮ್ಮಗ ಅಂದುಕೊಂಡು ಕೊಳ್ಳಬೇಡಿ.

ಹಾಂ, ಇಬ್ಬರಲ್ಲಿ ಒಬ್ಬರು ಫ್ರಾಂಕೊ ಮೊರಿನಿ ಅಂತಲೂ ಬರೆದಿದ್ದೀರಿ. ಅದು ಬೇರೆ. ಅಲ್ಫೊನ್ಸೊ ಅವರ ಸಂಬಂಧಿಯೇ, ಸಣ್ಣ ಮೊಪೆಡ್ ಎಂಜಿನ್ ಮಾಡುವ ಬೇರೆ ಕಂಪನಿ ಇಟ್ಟಿದ್ದವರು.

ಪ್ರಶ್ನೆ: ಕೆಲಸಕ್ಕೆ ಬಂದು ಇಟಲಿಯಲ್ಲಿ ಇದ್ದೀನಿ, ಊರು ಶಿರಸಿ. ಪಕ್ಕದ ಮನೆಯ ಅಜ್ಜ ಗ್ಯಾರೇಜಿನಲ್ಲಿ ಇಪ್ಪತ್ತು ವರ್ಷದಿಂದ ನಿಲ್ಲಿಸಿಟ್ಟ ಸ್ತ್ರಾದಾ ಕೊಡ್ತೀನಿ ಅಂತಿದ್ದಾರೆ. ತಗೊಳ್ಳಲಾ? (ತೊರೀನೊ)

ನಿಮ್ಮ ಪತ್ರ ಎರಡು ಸಲ ಓದಿದೆ. ತಗೊಳ್ಳಿ!

ಆದರೆ ದಾಖಲೆ ಮೊದಲು. ಫ್ರೇಮ್ ನಂಬರ್, ಎಂಜಿನ್ ನಂಬರ್ ಎರಡನ್ನೂ ಅಜ್ಜನ ಪುಸ್ತಕದ ಜೊತೆ ಹೋಲಿಸಿ ನೋಡಿ. ಎಎಸ್‌ಐ ಅಥವಾ ಎಫ್‌ಎಂಐ ಅನ್ನುವ ಸಂಸ್ಥೆಗಳು ಅಲ್ಲಿ ಹಳೇ ಗಾಡಿಗಳ ನೋಂದಣಿ ಇಡುತ್ತವೆ, ಅಲ್ಲಿ ದಾಖಲಾಗಿದ್ದರೆ ಮುಂದೆ ನಿಮಗೇ ಅನುಕೂಲ.

ಮುಂದಿನ ಬ್ರೇಕ್ ಡ್ರಮ್ಮಾ, ಡಿಸ್ಕಾ ನೋಡಿ. ಗೇರ್ ಯಾವ ಕಡೆ ನೋಡಿ. ಡ್ರಮ್ಮು ಮತ್ತು ಬಲಗಡೆ ಗೇರ್ ಇದ್ದರೆ ಮೊದಲ ವರ್ಷಗಳದ್ದು, ಸುಮ್ನೆ ಬಿಡಬೇಡಿ. ಸೆಲ್ಫ್ ಸ್ಟಾರ್ಟರ್ ಇದ್ದು ಅದು ಕೆಲಸ ಮಾಡದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಕಿಕ್ ಇದೆ. ಕ್ಲಚ್ ಒಣ ಕ್ಲಚ್ಚು, ಎಣ್ಣೆಯಲ್ಲಿ ಮುಳುಗಿರೋದಲ್ಲ. ಇಷ್ಟು ವರ್ಷ ನಿಂತಿದ್ದರೆ ಪ್ಲೇಟುಗಳು ಅಂಟಿಕೊಂಡಿರಬಹುದು. ಗೇರ್ ಹಾಕುವ ಮೊದಲು ಅದನ್ನು ಬಿಚ್ಚಿ ನೋಡಿಸಿ. ಟ್ಯಾಂಕಿನ ಒಳಗೆ ಟಾರ್ಚ್ ಬಿಟ್ಟು ತುಕ್ಕು ಇದೆಯಾ ನೋಡಿ, ಕಾರ್ಬೊರೇಟರ್ ಎರಡನ್ನೂ ಪೂರ್ತಿ ತೊಳೆಯಿಸಿ. ಎಂಜಿನ್ ಆಯಿಲ್ ಹಳೇದನ್ನು ಪೂರ್ತಿ ಇಳಿಸಿ ಹೊಸದು ಹಾಕಿ.

ಎಲ್ಲಕ್ಕಿಂತ ಮುಖ್ಯ, ಅಜ್ಜ ಎಷ್ಟೇ ಖುಷಿಯಲ್ಲಿ "ಒಂದು ಕಿಕ್ ಹೊಡಿ ನೋಡೋಣ" ಅಂದರೂ ಹೊಡೆಯಬೇಡಿ. ಒಳಗಿರೋದು ರಬ್ಬರ್ ಬೆಲ್ಟ್. ಗಾಡಿ ಓಡದೇ ನಿಂತಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಅದು ಕಿತ್ತುಹೋಗಿಯೋ, ಹಲ್ಲು ಜಾರಿಯೋ ಕ್ಯಾಮ್ ಲೆಕ್ಕ ತಪ್ಪಿದರೆ ಎಂಜಿನ್ನಿಗೇ ಪೆಟ್ಟು ಬೀಳಬಹುದು, ಅಷ್ಟು ವರ್ಷ ಕಾಪಾಡಿದ ಗಾಡಿ ಒಂದು ಕಿಕ್ಕಿಗೆ ಹಾಳಾಗಬಾರದು. ಪಕ್ಕದ ಕವರ್ ಬಿಚ್ಚಿದರೆ ಬೆಲ್ಟ್ ಸಿಗುತ್ತದೆ. ಇಟಲಿಯಲ್ಲೂ ಇಂಗ್ಲೆಂಡಿನಲ್ಲೂ ಇದರ ಬಿಡಿಭಾಗ ಈಗಲೂ ಸಿಗುತ್ತದೆ. ಮೊದಲು ಹೊಸ ಬೆಲ್ಟ್ ಹಾಕಿಸಿ, ಪ್ಲಗ್ ಎರಡೂ ಬಿಚ್ಚಿಟ್ಟು ಕೈಯಲ್ಲೇ ಎಂಜಿನ್ ಎರಡು ಸುತ್ತು ತಿರುಗಿಸಿ ನೋಡಿ, ಎಲ್ಲೂ ತಡೆಯದೆ ಸಲೀಸಾಗಿ ತಿರುಗಿದರೆ ಪ್ಲಗ್ ಹಾಕಿ ಕಿಕ್ ಹೊಡೆಯಿರಿ. ಎಡಗಾಲಲ್ಲಿ. ಆ ಹೊತ್ತಿಗೆ ಅಜ್ಜನನ್ನೂ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ, ಸ್ಟಾರ್ಟ್ ಆದ ಮೇಲೆ ಇಬ್ಬರದೂ ಒಂದು ಫೋಟೋ ನಮಗೆ ಕಳಿಸಿ.